ಅಂತಿಯೋಕ್ಯದ ಪಂಕ್ತಿಭೇದ

ಹೊಸ ಒಡಂಬಡಿಕೆಯಲ್ಲಿ ಅಪೊಸ್ತಲ ಪೌಲ ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೇ ಅಧ್ಯಾಯಕ್ಕೆ ಬಂದಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತದೆ. ಅಂತಿಯೋಕ್ಯದಲ್ಲಿ ಪೇತ್ರ (ಪೌಲ ಅವನನ್ನು ಅಲ್ಲಿ ಕೇಫನೆಂದು ಕರೆಯುತ್ತಾನೆ) ಅನ್ಯಜನರಿಂದ (ಯೆಹೂದ್ಯರಲ್ಲದವರಿಂದ) ಬಂದ ವಿಶ್ವಾಸಿಗಳ ಜೊತೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮಿನಿಂದ, ಅಲ್ಲಿನ ಸಭೆಯ ಮುಖಂಡ ಯಾಕೋಬನ ಕಡೆಯವರು ಕೆಲವರು ಬಂದರು. ಪೇತ್ರ ಮೆಲ್ಲಗೆ ಹಿಂದೆ ಸರಿದು ಬೇರೆ ಕೂರತೊಡಗಿದ. ಮಿಕ್ಕ ಯೆಹೂದ್ಯ ವಿಶ್ವಾಸಿಗಳೂ ಅವನ ಹಿಂದೆಯೇ ಹೋದರು. ಕೊನೆಗೆ ಪೌಲನ ಜೊತೆಗಾರ ಬಾರ್ನಬನೂ ಹೋದ. ಆಗ ಪೌಲ ಎಲ್ಲರ ಎದುರಿಗೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ: ಯೆಹೂದ್ಯನಾದ ನೀನೇ ಅನ್ಯಜನರ ಹಾಗೆ ಬದುಕಿರುವಾಗ, ಅನ್ಯಜನರು ಯೆಹೂದ್ಯರ ಹಾಗೆ ಬದುಕಬೇಕೆಂದು ಯಾವ ಮುಖ ಇಟ್ಟುಕೊಂಡು ಬಲವಂತ ಮಾಡುತ್ತೀ? ಸರಿ, ಇದಕ್ಕೆ ಪೇತ್ರ ಏನೆಂದ? ಪತ್ರಿಕೆಯಲ್ಲಿ ಅದರ ಸುಳಿವೇ ಇಲ್ಲ. ಪೌಲನ ಮಾತು ಮುಂದುವರಿದು, ಎಲ್ಲಿ ಪೇತ್ರನಿಗೆ ಹೇಳುವುದು ಮುಗಿಯಿತು, ಎಲ್ಲಿ ಗಲಾತ್ಯದವರಿಗೆ ಹೇಳುವುದು ಶುರುವಾಯಿತು ಎಂಬುದೇ ತಿಳಿಯದಂತೆ ವಾದದೊಳಕ್ಕೆ ಕರಗಿಹೋಗುತ್ತದೆ.

ಪೇತ್ರ ತಪ್ಪೊಪ್ಪಿಕೊಂಡಿದ್ದರೆ ಪೌಲ ಅದನ್ನು ಬರೆಯದೆ ಬಿಡುವವನಲ್ಲ. ಅದೇ ಅಧ್ಯಾಯದ ಮೊದಲರ್ಧದಲ್ಲಿ, ಯೆರೂಸಲೇಮಿನಲ್ಲಿ ಯಾಕೋಬ, ಕೇಫ, ಯೋಹಾನ ಮೂವರೂ ತನಗೆ ಬಲಗೈ ಕೊಟ್ಟದ್ದನ್ನೂ, ಗ್ರೀಕನಾದ ತೀತನಿಗೆ ಸುನ್ನತಿಯ ಬಲವಂತ ಆಗದೇ ಹೋದದ್ದನ್ನೂ ಎತ್ತಿ ಎತ್ತಿ ಹೇಳಿದ್ದಾನೆ. ಅಲ್ಲಿ ಗೆದ್ದದ್ದನ್ನು ಹೇಳಿದವನು ಇಲ್ಲಿ ಸುಮ್ಮನಾಗಿದ್ದಾನೆ ಎಂದರೆ ಅಂತಿಯೋಕ್ಯದಲ್ಲಿ ಅವನ ಮಾತು ನಡೆಯಲಿಲ್ಲ ಎಂದೇ ಬಹಳ ವಿದ್ವಾಂಸರು ತಿಳಿಯುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ಪೌಲ ಮತ್ತು ಬಾರ್ನಬ ಬೇರೆಯಾದದ್ದಕ್ಕೆ ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯ ಮಾರ್ಕನೆಂಬ ಯೋಹಾನನ ಕಾರಣ ಕೊಡುತ್ತದೆ. ಅದೂ ಇರಬಹುದು. ಆದರೆ ಈ ಊಟದ ಜಗಳ ಅದಕ್ಕೆ ಮೊದಲೇ ಬಿರುಕು ಬಿಡಿಸಿತ್ತು ಎಂದುಕೊಳ್ಳುವುದು ಕಷ್ಟವಲ್ಲ.

ಹಳೆಯ ಸಭಾಪಿತೃಗಳಿಗೂ (ಮೊದಲ ಶತಮಾನಗಳ ಕ್ರೈಸ್ತ ಗುರುಗಳಿಗೂ) ಈ ವಚನಗಳು ನುಂಗಲಾರದ ತುತ್ತು. ಅಲೆಕ್ಸಾಂಡ್ರಿಯದ ಕ್ಲೆಮೆಂಟ್, ಈ ಕೇಫ ಅಪೊಸ್ತಲ ಪೇತ್ರನೇ ಅಲ್ಲ, ಎಪ್ಪತ್ತು ಮಂದಿ ಶಿಷ್ಯರಲ್ಲಿ ಒಬ್ಬ ಎಂದ. ಜೆರೋಮ್, ಇಬ್ಬರೂ ಮೊದಲೇ ಮಾತಾಡಿಕೊಂಡು ಜನರಿಗೆ ಪಾಠವಾಗಲೆಂದು ಜಗಳ ಆಡಿದಂತೆ ತೋರಿಸಿದರು ಎಂದ. ಅಗಸ್ಟೀನ್ ಅದನ್ನು ಒಪ್ಪದೆ ಪತ್ರ ಬರೆದ: ಧರ್ಮಗ್ರಂಥದಲ್ಲಿ ಅಪೊಸ್ತಲನೇ ಸುಳ್ಳು ಬರೆದಿದ್ದಾನೆ ಎಂದಾದರೆ ಮಿಕ್ಕದ್ದನ್ನು ನಂಬುವುದು ಹೇಗೆ? ಅಗಸ್ಟೀನನ ಮಾತೇ ಸರಿ. ಜಗಳ ನಿಜವಾಗಿ ಆಗಿತ್ತು, ಮತ್ತು ಇಬ್ಬರ ಕಡೆಗೂ ಕಾರಣ ಇತ್ತು.

ಊಟದಲ್ಲಿ ಏನಿತ್ತು?

ಧರ್ಮಶಾಸ್ತ್ರ (ಮೋಶೆಯ ನಿಯಮಗಳು) ಮತ್ತು ನಂಬಿಕೆ ಎಂದೊಡನೆ ನಾವು ಎರಡು ತತ್ವಗಳ ಕುಸ್ತಿಯನ್ನು ಕಲ್ಪಿಸಿಕೊಳ್ಳುತ್ತೇವೆ. ನಮಗೆ ಸಿಗುವ ಹಳೆಯ ದಾಖಲೆಯಲ್ಲಿ ಅದು ಅಡುಗೆಮನೆಯ, ಸಾಲಿನ ಸಮಸ್ಯೆ. ಪಂಕ್ತಿಭೇದ ಎಂದರೇನೆಂದು ಕನ್ನಡದ ಓದುಗರಿಗೆ ವಿವರಿಸಬೇಕಿಲ್ಲ. ಯಾರೂ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಎಲೆ ಎಲ್ಲಿ ಹಾಕಿದ್ದಾರೆ ಎಂಬುದೇ ಎಲ್ಲವನ್ನೂ ಹೇಳುತ್ತದೆ. ಪೇತ್ರ ಯಾವ ಅನ್ಯಜನನಿಗೂ ಸುನ್ನತಿ ಮಾಡಿಸಿಕೋ ಎಂದು ಹೇಳಲಿಲ್ಲ. ಆದರೂ ಪೌಲ ಬಲವಂತ ಎಂಬ ಮಾತನ್ನೇ ಬಳಸುತ್ತಾನೆ, ಏಕೆಂದರೆ ಮೊದಲ ಶಿಷ್ಯ ಎದ್ದು ಬೇರೆ ಕೂತ ಮೇಲೆ, ಅವನ ಜೊತೆ ಮತ್ತೆ ಕೂರಲು ಉಳಿದ ದಾರಿ ಅದೊಂದೇ. ಆ ಕಾಲದಲ್ಲಿ ಕರ್ತನ ರಾತ್ರಿಭೋಜನವೂ ಹೊಟ್ಟೆತುಂಬ ಉಣ್ಣುವ ಊಟದ ಜೊತೆಗೇ ನಡೆಯುತ್ತಿತ್ತು (1 ಕೊರಿಂಥ 11ರಲ್ಲಿ ಒಬ್ಬ ಹಸಿದು ಕೂತರೆ ಇನ್ನೊಬ್ಬ ಕುಡಿದು ಮತ್ತನಾಗುವುದು ಇದೇ ಊಟದಲ್ಲಿ). ಹಾಗಾಗಿ ಊಟ ಎರಡಾದರೆ ಸಭೆಯೇ ಎರಡಾಯಿತು.

ಅನ್ಯನ ಜೊತೆ ಕೂತು ಉಣ್ಣಬಾರದು ಎಂಬ ನೇರ ವಚನ ಮೋಶೆಯ ಐದು ಪುಸ್ತಕಗಳಲ್ಲಿ ಇಲ್ಲ. ಯಾಜಕಕಾಂಡ 11 ಮತ್ತು ಧರ್ಮೋಪದೇಶಕಾಂಡ 14 ಯಾವ ಪ್ರಾಣಿ ಶುದ್ಧ, ಯಾವುದು ಅಶುದ್ಧ ಎಂದು ಹೇಳುತ್ತವೆ, ಅಷ್ಟೆ. ಕಷ್ಟ ಇದ್ದದ್ದು ಪಟ್ಟಣದ ಜೀವನದಲ್ಲಿ. ರೋಮ್, ಅಲೆಕ್ಸಾಂಡ್ರಿಯ ಬಿಟ್ಟರೆ ಸಾಮ್ರಾಜ್ಯದ ಮೂರನೇ ದೊಡ್ಡ ಊರು ಅಂತಿಯೋಕ್ಯ. ಅಂಥ ಊರಿನ ಪೇಟೆಗೆ ಬರುತ್ತಿದ್ದ ಮಾಂಸದಲ್ಲಿ ಗುಡಿಯಲ್ಲಿ ಬಲಿಯಾದದ್ದೂ ಇರುತ್ತಿತ್ತು, ರಕ್ತ ಸರಿಯಾಗಿ ಬಸಿಯದ್ದೂ ಇರುತ್ತಿತ್ತು. ದ್ರಾಕ್ಷಾರಸದ ಮೊದಲ ಗುಟುಕನ್ನು ಯಾವುದೋ ದೇವರಿಗೆ ಸುರಿದಿರುವ ಸಾಧ್ಯತೆ ಬೇರೆ. ಕಟ್ಟುನಿಟ್ಟಿನ ಯೆಹೂದ್ಯನಿಗೆ ಉಳಿದದ್ದು ದಾನಿಯೇಲ ಬಾಬೆಲಿನ ಅರಮನೆಯಲ್ಲಿ ಹಿಡಿದ ದಾರಿ: ಬರಿಯ ಕಾಯಿಪಲ್ಯ, ನೀರು.

ಪೇತ್ರನ ಪರವಾಗಿಯೂ ಹೇಳಬೇಕಾದದ್ದಿದೆ. ಸುನ್ನತಿಯವರಿಗೆ ಹೆದರಿ ಹಿಂದೆಗೆದ ಎಂದು ಪೌಲ ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಆದರೆ ಆ ಹೆದರಿಕೆ ಬರಿಯ ಪುಕ್ಕಲುತನ ಆಗಿರಲಿಲ್ಲ. ಕ್ರಿ.ಶ. 40ರಲ್ಲಿ ರೋಮಿನ ಚಕ್ರವರ್ತಿ ಕಲಿಗುಲ ತನ್ನ ಪ್ರತಿಮೆಯನ್ನು ಯೆರೂಸಲೇಮಿನ ದೇವಾಲಯದಲ್ಲಿ ನಿಲ್ಲಿಸಲು ಹೊರಟಿದ್ದ. 44ರ ಸುಮಾರಿಗೆ ಅರಸ ಹೆರೋದ ಅಗ್ರಿಪ್ಪ, ಜೆಬೆದಾಯನ ಮಗನಾದ ಇನ್ನೊಬ್ಬ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿ, ಜನರಿಗೆ ಮೆಚ್ಚುಗೆಯಾಯಿತೆಂದು ಪೇತ್ರನನ್ನೂ ಸೆರೆಗೆ ಹಾಕಿದ. 46ರಿಂದ 48ರ ನಡುವೆ ರೋಮನ್ ಅಧಿಕಾರಿ ತಿಬೇರಿಯಸ್ ಅಲೆಕ್ಸಾಂಡರ್, ಗಲಿಲಾಯದ ದಂಗೆಕೋರ ಯೂದನ ಇಬ್ಬರು ಮಕ್ಕಳನ್ನು ಶಿಲುಬೆಗೇರಿಸಿದ. ಯೂದಾಯ ಹೀಗೆ ಕುದಿಯುತ್ತಿದ್ದಾಗ, "ನಿಮ್ಮ ಮುಖಂಡ ಅಂತಿಯೋಕ್ಯದಲ್ಲಿ ಅನ್ಯರ ಜೊತೆ ಉಣ್ಣುತ್ತಿದ್ದಾನೆ" ಎಂಬ ಸುದ್ದಿ ಯೆರೂಸಲೇಮಿನ ಸಣ್ಣ ಸಭೆಯನ್ನು ಅಪಾಯಕ್ಕೆ ನೂಕಬಹುದಿತ್ತು. ಸುನ್ನತಿಗೆ ಒತ್ತಾಯಿಸುವವರು ಹಿಂಸೆ ತಪ್ಪಿಸಿಕೊಳ್ಳಲು ಹಾಗೆ ಮಾಡುತ್ತಾರೆ ಎಂದು ಪೌಲನೇ ಗಲಾತ್ಯ 6:12ರಲ್ಲಿ ಹೇಳುತ್ತಾನೆ. ಒಂದು ಊರಿನ ಸಭೆಯ ಜೀವ, ಇನ್ನೊಂದು ಊರಿನ ಸಭೆಯ ಮರ್ಯಾದೆ, ಎರಡೂ ಒಂದೇ ಊಟದ ಮೇಲೆ ಬಂದು ಕೂತಿದ್ದವು.

ನಾಲ್ಕು ನಿಯಮಗಳು

ಅಪೊಸ್ತಲರ ಕೃತ್ಯಗಳು 15ರ ಪ್ರಕಾರ ಯೆರೂಸಲೇಮಿನಲ್ಲಿ ಸಭೆ ಸೇರಿ, ಅನ್ಯಜನರಿಗೆ ಸುನ್ನತಿ ಬೇಡ, ನಾಲ್ಕು ವಿಷಯ ಬಿಟ್ಟರೆ ಸಾಕು ಎಂದು ಯಾಕೋಬ ತೀರ್ಪು ಕೊಟ್ಟ: ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ. ಇವನ್ನು ಅವನು ತನ್ನ ತಲೆಯಿಂದ ತೆಗೆದದ್ದಲ್ಲ. ಯಾಜಕಕಾಂಡ 17 ಮತ್ತು 18ನೇ ಅಧ್ಯಾಯಗಳಲ್ಲಿ ಇಸ್ರಾಯೇಲಿನ ನಡುವೆ ವಾಸಿಸುವ ಪರದೇಶಿಯೂ ಪಾಲಿಸಬೇಕೆಂದು ಹೇಳಿರುವ ನಿಯಮಗಳು ಹೆಚ್ಚುಕಡಿಮೆ ಇವೇ. ಅಂದರೆ ಅನ್ಯಜನರು ಅನ್ಯಜನರಾಗಿಯೇ ಉಳಿಯಬಹುದು. ಆದರೆ ಊಟದಲ್ಲಿ ಯೆಹೂದ್ಯ ಸಹೋದರನಿಗೆ ತೊಡಕಾಗದಂತೆ ನಡೆದುಕೊಳ್ಳಬೇಕು. ಜಾಣತನದ ರಾಜಿ. ಧರ್ಮಶಾಸ್ತ್ರವನ್ನು ಬದಿಗೆ ಸರಿಸದೆ ಅದರೊಳಗೇ ಅನ್ಯನಿಗೊಂದು ಜಾಗ ಹುಡುಕಿದ ಯಾಕೋಬನನ್ನು ಹಟಮಾರಿ ಸಂಪ್ರದಾಯವಾದಿ ಎಂದು ಚಿತ್ರಿಸುವುದು ಅನ್ಯಾಯ.

ತೊಡಕು ಎಲ್ಲಿ ಬರುತ್ತದೆಂದರೆ, ಪೌಲ ಈ ನಾಲ್ಕನ್ನು ಎಲ್ಲೂ ಹೆಸರಿಸುವುದಿಲ್ಲ. ಯೆರೂಸಲೇಮಿನವರು ಬಡವರನ್ನು ನೆನಸಿಕೊಳ್ಳಿ ಎಂದಷ್ಟೇ ಕೇಳಿಕೊಂಡರು ಎನ್ನುತ್ತಾನೆ (ಗಲಾತ್ಯ 2:10). ಕೊರಿಂಥದವರು ವಿಗ್ರಹದ ಮಾಂಸದ ಬಗ್ಗೆ ನೇರವಾಗಿ ಕೇಳಿದಾಗಲೂ ತೀರ್ಪನ್ನು ಉದಾಹರಿಸದೆ ತನ್ನದೇ ದಾರಿ ಹಿಡಿಯುತ್ತಾನೆ: ವಿಗ್ರಹದ ಪಂಕ್ತಿಯಲ್ಲಿ ಕೂರಬೇಡಿ, ಪೇಟೆಯಲ್ಲಿ ಮಾರುವುದನ್ನು ವಿಚಾರಿಸದೆ ತಿನ್ನಿ, ಯಾರಾದರೂ ಇದು ಬಲಿಯದ್ದು ಎಂದು ಹೇಳಿದರೆ ಹೇಳಿದವನ ಸಲುವಾಗಿ ಬಿಟ್ಟುಬಿಡಿ. ಗಲಾತ್ಯ ಪತ್ರಿಕೆ ಆ ಸಭೆಗಿಂತ ಮೊದಲೇ ಬರೆದದ್ದು ಎಂದು ಕೆಲವರು ಬಿಡಿಸುತ್ತಾರೆ. ನನಗೆ ಒಪ್ಪಿಗೆಯಾಗುವುದು ಇನ್ನೊಂದು ವಿವರಣೆ: ಸುನ್ನತಿಯ ತೀರ್ಮಾನ ಮೊದಲು ಆಯಿತು, ಊಟದ ಪ್ರಶ್ನೆ ಅಲ್ಲಿ ಏಳಲೇ ಇಲ್ಲ, ಅಂತಿಯೋಕ್ಯದಲ್ಲಿ ಅದು ಸಿಡಿದ ಮೇಲೆ ನಾಲ್ಕು ನಿಯಮಗಳು ಬಂದವು, ಅಪೊಸ್ತಲರ ಕೃತ್ಯಗಳನ್ನು ಬರೆದ ಲೂಕ ಎರಡನ್ನೂ ಒಂದೇ ಸಭೆಯಾಗಿ ಹೇಳಿದ್ದಾನೆ. ಇದಕ್ಕೊಂದು ಸುಳಿವು ಅದೇ ಪುಸ್ತಕದ 21:25ರಲ್ಲಿದೆ. ಅಲ್ಲಿ ಯಾಕೋಬ ಈ ನಾಲ್ಕನ್ನು ಪೌಲನಿಗೆ ಹೊಸದಾಗಿ ತಿಳಿಸುವವನ ಹಾಗೆ ಹೇಳುತ್ತಾನೆ.

ಪೌಲ ಹೆಸರೆತ್ತದಿದ್ದರೂ ನಿಯಮಗಳು ಬಾಳಿದವು. ಪ್ರಕಟನೆ ಪುಸ್ತಕ ವಿಗ್ರಹದ ಮಾಂಸ ತಿನ್ನುವವರನ್ನು ಗದರುತ್ತದೆ. 177ರಲ್ಲಿ ಗಾಲ್ ಪ್ರಾಂತ್ಯದ ಲಿಯೋನಿನಲ್ಲಿ ಕ್ರೈಸ್ತರು ಶಿಶುಗಳನ್ನು ತಿನ್ನುತ್ತಾರೆಂಬ ಆಪಾದನೆ ಬಂದಾಗ, ಚಿತ್ರಹಿಂಸೆಗೆ ಸಿಕ್ಕ ಬಿಬ್ಲಿಸ್ ಎಂಬ ಹೆಂಗಸು ಹೇಳಿದ್ದು: ಪ್ರಾಣಿಗಳ ರಕ್ತವನ್ನೂ ಮುಟ್ಟದ ನಾವು ಮಕ್ಕಳನ್ನು ತಿನ್ನುತ್ತೇವೆಯೇ?

ಯೇಸುವೇ ಇದನ್ನು ಬಗೆಹರಿಸಿರಲಿಲ್ಲವೇ ಎಂದು ಕೇಳಬಹುದು. ಮಾರ್ಕ 7ರಲ್ಲಿ ಕೈತೊಳೆಯುವ ವಾದ ಮುಗಿಯುವಾಗ, ಹೀಗೆ ಎಲ್ಲ ಆಹಾರವೂ ಶುದ್ಧವೆಂದು ಹೇಳಿದ ಹಾಗಾಯಿತು ಎಂಬ ಟಿಪ್ಪಣಿ ಇದೆ. ಅದೇ ಪ್ರಸಂಗ ಮತ್ತಾಯ 15ರಲ್ಲಿ ಬರುವಾಗ ಆ ಮಾತು ಇಲ್ಲ; ಕೈತೊಳೆಯದೆ ಉಣ್ಣುವುದು ಹೊಲೆಮಾಡುವುದಿಲ್ಲ ಎಂಬಲ್ಲಿಗೆ ನಿಲ್ಲುತ್ತದೆ. ಧರ್ಮಶಾಸ್ತ್ರದ ಒಂದು ಗುಡುಸೂ ಅಳಿಯದು ಎಂದು ಐದನೇ ಅಧ್ಯಾಯದಲ್ಲಿ ಬರೆದ ಮತ್ತಾಯನಿಗೆ ಮಾರ್ಕನ ಟಿಪ್ಪಣಿ ಹಿಡಿಸಿರಲಾರದು. ಯೇಸು ಆಹಾರದ ಬಗ್ಗೆ ಖಡಾಖಂಡಿತವಾಗಿ ಹೇಳಿದ್ದಿದ್ದರೆ, ಹೊಲೆಯಾದದ್ದನ್ನು ನಾನೆಂದೂ ತಿಂದವನಲ್ಲ ಎಂದು ಪೇತ್ರ ಯೊಪ್ಪದ ಮಾಳಿಗೆಯ ಮೇಲೆ (ಅಪೊಸ್ತಲರ ಕೃತ್ಯಗಳು 10) ತಡವರಿಸುತ್ತಿರಲಿಲ್ಲ.

ಅಬ್ರಹಾಮನ ವಯಸ್ಸಿನ ಲೆಕ್ಕ

ಈಗ ಬೈಬಲ್ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಎದುರಾಗುವ ಗಂಟು. ಅಬ್ರಾಮನು (ಅಬ್ರಹಾಮನ ಮೊದಲಿನ ಹೆಸರು) ಯೆಹೋವನನ್ನು ನಂಬಿದನು, ಅದು ಅವನ ಲೆಕ್ಕಕ್ಕೆ ನೀತಿಯೆಂದು ಎಣಿಸಲ್ಪಟ್ಟಿತು ಎಂಬ ಆದಿಕಾಂಡ 15:6ನ್ನು ಪೌಲನೂ ಉದಾಹರಿಸುತ್ತಾನೆ, ಯೆರೂಸಲೇಮಿನ ಆ ಯಾಕೋಬನದೆಂದು ಸಂಪ್ರದಾಯ ಹೇಳುವ ಯಾಕೋಬನ ಪತ್ರಿಕೆಯೂ ಉದಾಹರಿಸುತ್ತದೆ. ಪೌಲನ ತೀರ್ಮಾನ: ಧರ್ಮಶಾಸ್ತ್ರದ ಕ್ರಿಯೆಗಳಿಲ್ಲದೆ ನಂಬಿಕೆಯಿಂದಲೇ ನೀತಿ. ಯಾಕೋಬನ ತೀರ್ಮಾನ: ಬರಿಯ ನಂಬಿಕೆಯಿಂದಲ್ಲ, ಕ್ರಿಯೆಗಳಿಂದ. ವಚನ ಒಂದೇ, ತೀರ್ಪು ಎರಡು.

ಇದನ್ನು ಬಿಡಿಸಲು ಆದಿಕಾಂಡದ ವಯಸ್ಸುಗಳನ್ನು ಪಕ್ಕದಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಹಾರಾನ್ ಬಿಟ್ಟಾಗ ಅಬ್ರಾಮನಿಗೆ 75. ಆಮೇಲೆ 15ನೇ ಅಧ್ಯಾಯದ ನಕ್ಷತ್ರಗಳ ರಾತ್ರಿ. ನಂಬಿದ್ದು, ನೀತಿಯೆಂದು ಎಣಿಸಿದ್ದು ಅಲ್ಲಿ. ಇಷ್ಮಾಯೇಲ ಹುಟ್ಟಿದಾಗ 86. ಸುನ್ನತಿಯ ಆಜ್ಞೆ ಬರುವ 17ನೇ ಅಧ್ಯಾಯದಲ್ಲಿ 99. ಇಸಾಕ ಹುಟ್ಟಿದ್ದು 100ಕ್ಕೆ. ಇಸಾಕನನ್ನು ಮೊರೀಯ ಬೆಟ್ಟಕ್ಕೆ ಕರೆದೊಯ್ಯುವುದು 22ನೇ ಅಧ್ಯಾಯ. ಗಲಾತ್ಯದಲ್ಲಿ ಪೌಲನ ಎದುರಾಳಿಗಳು 17ನೇ ಅಧ್ಯಾಯ ತೆರೆದು ತೋರಿಸಿರಬೇಕು: ಅಬ್ರಹಾಮನ ಮನೆಯವರೆಲ್ಲ, ಹಣಕ್ಕೆ ಕೊಂಡ ಆಳು ಕೂಡ, ಸುನ್ನತಿ ಮಾಡಿಸಿಕೊಂಡರು, ಅವನ ಸಂತಾನವಾಗಲು ನೀವೂ ಮಾಡಿಸಿಕೊಳ್ಳಿ. ಅಲ್ಲಿನ ಅಕ್ಷರಗಳು ಪೂರ್ತಿ ಅವರ ಕಡೆಗೇ ಇವೆ. ರೋಮಾಪುರ 4:10ರಲ್ಲಿ ಪೌಲ ಕೇಳುವ ಪ್ರಶ್ನೆ ಒಂದೇ: ನೀತಿಯೆಂದು ಎಣಿಸಿದ್ದು ಯಾವಾಗ? ಸುನ್ನತಿಗೆ ಮುಂಚೆಯೋ, ಆಮೇಲೋ? 86ಕ್ಕೂ 99ಕ್ಕೂ ನಡುವೆ 13 ವರ್ಷ. ಎಂದರೆ ಕಡಿಮೆಯೆಂದರೂ ಅಷ್ಟು ವರ್ಷ ಅಬ್ರಾಮ ಸುನ್ನತಿಯಿಲ್ಲದ ನೀತಿವಂತನಾಗಿದ್ದ. ಆದ್ದರಿಂದ ಸುನ್ನತಿಯಿಲ್ಲದವರಿಗೂ ಅವನೇ ತಂದೆ. ಪೌಲನ ಎಲ್ಲ ವಾದಗಳಲ್ಲಿ ನನಗೆ ಅತ್ಯಂತ ಗಟ್ಟಿ ಎನಿಸುವುದು ಇದು. ಗಲಾತ್ಯ 4ರ ಹಾಗರ, ಸಾರರ ಸಾದೃಶ್ಯದಂತೆ ಇಲ್ಲಿ ಎಳೆದಾಟವಿಲ್ಲ.

ಯಾಕೋಬ 15:6ನ್ನು 22ನೇ ಅಧ್ಯಾಯಕ್ಕೆ ಜೋಡಿಸುತ್ತಾನೆ: ಇಸಾಕನನ್ನು ಯಜ್ಞವೇದಿಯ ಮೇಲೆ ಇಟ್ಟಾಗ ಆ ವಚನ ನೆರವೇರಿತು. ಪೌಲನನ್ನು ಓದಿದವರಿಗೆ ಇದು ತಿರುಚಿದಂತೆ ಕಾಣುತ್ತದೆ. ಆದರೆ ಯೇಸುವಿಗೆ ನೂರು ವರ್ಷಕ್ಕೂ ಹಿಂದಿನ ಮಕ್ಕಬಿಯರ ಮೊದಲ ಪುಸ್ತಕದಲ್ಲೇ (2:52), ಅಬ್ರಹಾಮ ಪರೀಕ್ಷೆಯಲ್ಲಿ ನಂಬಿಗಸ್ತನಾಗಿ ಕಂಡದ್ದು ಅವನಿಗೆ ನೀತಿಯೆಂದು ಎಣಿಸಲ್ಪಟ್ಟಿತು ಎಂಬ ಜೋಡಣೆ ಇದೆ. ಯಾಕೋಬ ಹಿಡಿದದ್ದು ಹಿರಿಯರ ವಾಡಿಕೆ. ಆ ಜೋಡಣೆ ಕಳಚಿ, ಕಾಲಕ್ರಮ ನೋಡಿ ಎಂದವನು ಪೌಲ. ಹೊಸ ಹೆಜ್ಜೆ ಇಟ್ಟವನು ಯಾರು ಎಂಬುದನ್ನು ಮರೆತರೆ ಯಾಕೋಬ ಪೌಲನಿಗೆ ಅಡ್ಡಬಂದವನಂತೆ ಕಾಣುತ್ತಾನೆ.

ಯಾವ ಕ್ರಿಯೆಗಳು?

1952ರಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನಿನ ನಾಲ್ಕನೇ ಗುಹೆಯಲ್ಲಿ ಸಿಕ್ಕ ಸುರುಳಿಯ ತುಣುಕುಗಳಲ್ಲಿ ಒಂದು ಪತ್ರದಂಥ ಬರಹ 1994ರಲ್ಲಿ ಪೂರ್ತಿಯಾಗಿ ಅಚ್ಚಾಯಿತು. ಅದು ತನ್ನ ವಿಷಯವನ್ನು ಧರ್ಮಶಾಸ್ತ್ರದ ಕೆಲವು ಕ್ರಿಯೆಗಳು ಎಂದು ಕರೆಯುತ್ತದೆ. ಒಳಗಿರುವುದು ಏನು? ಅನ್ಯಜನರ ಗೋಧಿ ದೇವಾಲಯಕ್ಕೆ ಬರಬಾರದು. ಶುದ್ಧ ಪಾತ್ರೆಯಿಂದ ಅಶುದ್ಧ ಪಾತ್ರೆಗೆ ಸುರಿಯುವ ದ್ರವದ ಧಾರೆಯೇ ಅಶುದ್ಧಿಯನ್ನು ಹಿಂದಕ್ಕೆ ಒಯ್ಯುತ್ತದೆ. ಯೆರೂಸಲೇಮಿನಲ್ಲಿ ನಾಯಿ ಇರಬಾರದು. ಕೊನೆಗೆ, ಇವನ್ನು ಪಾಲಿಸಿದರೆ ನಿನಗೆ ನೀತಿಯೆಂದು ಎಣಿಸಲ್ಪಡುವುದು ಎಂಬ ಮಾತು, ಅದೇ ಅಬ್ರಹಾಮನ ವಚನದ ಧಾಟಿಯಲ್ಲಿ. ಪೌಲ ಎದುರಿಸುತ್ತಿದ್ದ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಒಳಗಿನವರು ಯಾರು, ಹೊರಗಿನವರು ಯಾರು ಎಂದು ಗೆರೆ ಎಳೆಯುವ ಇಂಥ ಆಚರಣೆಗಳ ಬಗ್ಗೆ ಆ ಕಾಲದ ಯೆಹೂದ್ಯರೊಳಗೇ ಜಗಳವಿತ್ತು.

ಈ ಹಿನ್ನೆಲೆ ಮರೆಯಾದ ಮೇಲೆ ತಪ್ಪು ಓದು ಬೇರೂರಿತು. ಸುನ್ನತಿ, ಊಟ, ದಿನಗಳ ಬಗ್ಗೆ ಪೌಲ ಹೇಳಿದ್ದು, ಮನುಷ್ಯ ಮಾಡುವ ಯಾವ ಒಳ್ಳೆಯ ಕೆಲಸಕ್ಕೂ ಬೆಲೆಯಿಲ್ಲ ಎಂದಾಯಿತು. ಜರ್ಮನಿಯ ಸುಧಾರಕ ಲೂಥರ್ 1522ರ ಅನುವಾದದಲ್ಲಿ ರೋಮಾಪುರ 3:28ಕ್ಕೆ 'ಮಾತ್ರ' ಎಂಬುದನ್ನು ಸೇರಿಸಿದ, ಯಾಕೋಬನದನ್ನು ಹುಲ್ಲಿನ ಪತ್ರಿಕೆ ಎಂದ. ಹೊಸ ಒಡಂಬಡಿಕೆಯಲ್ಲಿ 'ನಂಬಿಕೆ ಮಾತ್ರ' ಎಂಬ ಜೋಡಿ ಬರುವುದು ಯಾಕೋಬ 2:24ರಲ್ಲಷ್ಟೇ, ಅದೂ 'ಅಲ್ಲ' ಎಂದು ಹೇಳುವುದಕ್ಕೆ. 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಎದುರು ತೀರ್ಪು ಕೊಟ್ಟಿತು. ಲೂಥರನ್ನರೂ ಕಥೋಲಿಕರೂ ಈ ವಿಷಯದಲ್ಲಿ ಜಂಟಿ ಹೇಳಿಕೆಗೆ ಸಹಿ ಹಾಕಲು 1999ರ ಅಕ್ಟೋಬರ್ 31 ಬರಬೇಕಾಯಿತು. ಇದಕ್ಕಿಂತ ದೊಡ್ಡ ಹಾನಿ ಯೆಹೂದ್ಯರಿಗೆ ಆಯಿತು. ಪುಣ್ಯದ ಖಾತೆ ತುಂಬಿಸಿ ರಕ್ಷಣೆ ಕೊಳ್ಳುವ ಧರ್ಮ ಎಂದು ಅವರದನ್ನು ಶತಮಾನಗಳ ಕಾಲ ಪ್ರಸಂಗಪೀಠದಿಂದ ಜರೆದರು. 1977ರಲ್ಲಿ ಬೈಬಲ್ ವಿದ್ವಾಂಸ ಇ. ಪಿ. ಸ್ಯಾಂಡರ್ಸ್ ಆ ಕಾಲದ ಯೆಹೂದ್ಯ ಬರಹಗಳನ್ನು ವಿಸ್ತಾರವಾಗಿ ಪರಿಶೀಲಿಸಿ, ಅವರಿಗೆ ಮೊದಲು ದೇವರ ಆಯ್ಕೆ, ಆಮೇಲೆ ಆಜ್ಞೆ ಎಂದು ತೋರಿಸಿದರು. ದಶಾಜ್ಞೆಗಳ ಮೊದಲ ಸಾಲೇ, ನಿನ್ನನ್ನು ಐಗುಪ್ತದಿಂದ ಬಿಡಿಸಿದವನು ನಾನು ಎನ್ನುತ್ತದಲ್ಲ! ಗಲಾತ್ಯದಲ್ಲಿ ಪೌಲ ಸಿಟ್ಟಾಗಿರುವುದು ಯೇಸುವನ್ನು ನಂಬಿದವರ ಮೇಲೆಯೇ. ಅದನ್ನು ಯೆಹೂದ್ಯರ ಮೇಲಿನ ಅಸ್ತ್ರವಾಗಿಸಿದ್ದು ಆಮೇಲಿನವರ ಅಪರಾಧ.

ಹನ್ನೆರಡು ಪ್ರಾಣಿಗಳ ಖರ್ಚು

ಗಲಾತ್ಯ ಬರೆದ ಕೈ ಧರ್ಮಶಾಸ್ತ್ರವನ್ನು ಕಿತ್ತೆಸೆಯಿತು ಎನ್ನುವವರು ಅಪೊಸ್ತಲರ ಕೃತ್ಯಗಳು 21ನ್ನು ನಿಧಾನವಾಗಿ ಓದಬೇಕು. ಪೌಲ ಅನ್ಯಜನರ ಸಭೆಗಳಿಂದ ಕೂಡಿಸಿದ ಹಣ ಹೊತ್ತು ಯೆರೂಸಲೇಮಿಗೆ ಬರುತ್ತಾನೆ. ಅದನ್ನು ಅಲ್ಲಿಯವರು ಒಪ್ಪಿಕೊಳ್ಳಲಿ ಎಂದು ಪ್ರಾರ್ಥಿಸಿರಿ ಎಂದು ರೋಮಾಪುರ 15:31ರಲ್ಲಿ ಕೇಳಿಕೊಂಡಿದ್ದವನು. ಅಷ್ಟು ಅಳುಕು ಇತ್ತು. ಯಾಕೋಬ ಹೇಳುತ್ತಾನೆ: ನಂಬಿದ ಯೆಹೂದ್ಯರು ಇಲ್ಲಿ ಸಾವಿರಾರು ಮಂದಿ, ಎಲ್ಲರೂ ಧರ್ಮಶಾಸ್ತ್ರದ ಅಭಿಮಾನಿಗಳು, ನೀನು ಮೋಶೆಯನ್ನು ಬಿಡಿಸುತ್ತೀ ಎಂದು ಕೇಳಿದ್ದಾರೆ. ವ್ರತ ಹಿಡಿದ ನಾಲ್ವರು ಇದ್ದಾರೆ, ಅವರ ಖರ್ಚನ್ನು ನೀನು ಕೊಡು.

ಆ ಖರ್ಚು ಎಷ್ಟು? ಇದು ನಾಜೀರ ವ್ರತವೆಂದು (ತನ್ನನ್ನು ದೇವರಿಗೆ ಮೀಸಲಾಗಿಡುವ ಹರಕೆಯೆಂದು) ಹಿಡಿದರೆ ಅರಣ್ಯಕಾಂಡ 6ರಲ್ಲಿ ಪಟ್ಟಿ ಇದೆ. ಒಬ್ಬೊಬ್ಬನಿಗೂ ಸರ್ವಾಂಗಹೋಮಕ್ಕೆ ಒಂದು ವರ್ಷದ ಗಂಡು ಕುರಿಮರಿ, ದೋಷಪರಿಹಾರಕ್ಕೆ ಒಂದು ವರ್ಷದ ಹೆಣ್ಣು ಕುರಿಮರಿ, ಸಮಾಧಾನಯಜ್ಞಕ್ಕೆ ಒಂದು ಟಗರು. ಜೊತೆಗೆ ಒಂದು ಪುಟ್ಟಿ ಹುಳಿಯಿಲ್ಲದ ರೊಟ್ಟಿ, ಧಾನ್ಯನೈವೇದ್ಯ, ಪಾನದ್ರವ್ಯ. ಆಮೇಲೆ ತಲೆ ಬೋಳಿಸಿ ಆ ಕೂದಲನ್ನು ಸಮಾಧಾನಯಜ್ಞದ ಬೆಂಕಿಗೆ ಹಾಕಬೇಕು. ನಾಲ್ವರಿಗೆ 12 ಪ್ರಾಣಿಗಳು. ಪೌಲ ಒಪ್ಪಿದ, ತಾನೂ ಶುದ್ಧಿ ಮಾಡಿಕೊಂಡು ದೇವಾಲಯಕ್ಕೆ ಹೋದ. ಇದು ಲೂಕ ಪೌಲನನ್ನು ಮೆದುಗೊಳಿಸಿ ಬರೆದದ್ದು ಎನ್ನುವವರಿದ್ದಾರೆ. ಆದರೆ ಯೆಹೂದ್ಯರಿಗೆ ಯೆಹೂದ್ಯನಂತಾದೆನು ಎಂದು 1 ಕೊರಿಂಥ 9ರಲ್ಲಿ ಬರೆದವನು ಪೌಲನೇ. ಯೆಹೂದ್ಯನೊಬ್ಬ ಧರ್ಮಶಾಸ್ತ್ರ ಪಾಲಿಸುವುದಕ್ಕೆ ಅವನ ಅಡ್ಡಿಯಿರಲಿಲ್ಲ. ಅದನ್ನು ಅನ್ಯಜನರ ಪ್ರವೇಶದ ಸುಂಕ ಮಾಡುವುದಕ್ಕೆ ಮಾತ್ರ ಅವನು ಜೀವಮಾನವಿಡೀ ಅಡ್ಡ ನಿಂತ.

ದೇವಾಲಯದಲ್ಲೇ ಗಲಭೆಯಾಯಿತು. ಎಫೆಸದ ತ್ರೊಫಿಮನೆಂಬ ಅನ್ಯನನ್ನು ಒಳಗೆ ಕರೆತಂದ ಎಂಬ ಆಪಾದನೆ. ಈ ತಡೆಗೋಡೆ ದಾಟಿದ ಪರದೇಶಿಯ ಸಾವಿಗೆ ಅವನೇ ಹೊಣೆ ಎಂದು ಗ್ರೀಕಿನಲ್ಲಿ ಕೆತ್ತಿದ ಆ ದೇವಾಲಯದ ಕಲ್ಲು 1871ರಲ್ಲಿ ಸಿಕ್ಕಿತು, ಈಗ ಇಸ್ತಾಂಬುಲ್ ಮ್ಯೂಸಿಯಂನಲ್ಲಿದೆ. ಪೌಲ ಬಂದಿಯಾದ. ಕೆಲ ವರ್ಷಗಳ ಮೇಲೆ, 62ರಲ್ಲಿ, ಮಹಾಯಾಜಕ ಅನ್ನಾಸನೆಂಬವನು ಯಾಕೋಬನನ್ನೇ ಧರ್ಮಶಾಸ್ತ್ರ ಮೀರಿದವನೆಂದು ಕಲ್ಲೆಸೆಯಿಸಿ ಕೊಲ್ಲಿಸಿದ. ಊರಿನಲ್ಲಿ ಧರ್ಮಶಾಸ್ತ್ರದ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದವರೇ ಅದರಿಂದ ನೊಂದುಕೊಂಡರು ಎಂದು ಆ ಕಾಲದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆಯುತ್ತಾನೆ.

ನೂರು ವರ್ಷ ಕಳೆಯುವಷ್ಟರಲ್ಲಿ ಕಥೆ ತಿರುಗುಮುರುಗಾಯಿತು. 160ರ ಸುಮಾರಿಗೆ ಕ್ರೈಸ್ತ ಲೇಖಕ ಜಸ್ಟಿನ್, ಯೇಸುವನ್ನು ನಂಬಿ ಮೋಶೆಯ ನಿಯಮವನ್ನೂ ಪಾಲಿಸುವವರು ಇತರರನ್ನು ಬಲವಂತ ಮಾಡದಿದ್ದರೆ ಅವರಿಗೂ ರಕ್ಷಣೆಯುಂಟು ಎಂದು ಬರೆದ. ಅಂಥವರ ಜೊತೆ ಒಡನಾಟವಾಗಲಿ ಆತಿಥ್ಯವಾಗಲಿ ಬೇಡ ಎನ್ನುವ ಕ್ರೈಸ್ತರೂ ಇದ್ದಾರೆ, ಆದರೆ ತಾನು ಅದನ್ನು ಒಪ್ಪುವುದಿಲ್ಲ ಎಂದೂ ಸೇರಿಸಿದ. ಜಸ್ಟಿನನ ಮಾತು ಉಳಿಯಲಿಲ್ಲ. ಒಡನಾಟ ಬೇಡ ಎಂದವರ ಮಾತೇ ಕಟ್ಟಳೆಯಾಯಿತು.

ಎರಡು ಪತ್ರಿಕೆ ಒಟ್ಟಿಗೆ

ಗಲಾತ್ಯದಲ್ಲಿ 149 ವಚನ, ಯಾಕೋಬನಲ್ಲಿ 108. ಎರಡನ್ನೂ ಒಂದೇ ಕೂತಲ್ಲಿ ಓದಬಹುದು. ಆದಿಕಾಂಡ 15, 17, 22ನ್ನು ಮೊದಲು ಓದಿ, ಧರ್ಮಶಾಸ್ತ್ರ ಎಂಬ ಮಾತು ಬಂದಲ್ಲೆಲ್ಲ ಇಲ್ಲಿ ಯಾವ ನಿಯಮದ ಮಾತು ನಡೆಯುತ್ತಿದೆ ಎಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಗಲಾತ್ಯದ ಅಂಚಿನಲ್ಲಿ ಸುನ್ನತಿ, ಊಟ, ದಿನ ತಿಂಗಳುಗಳು ತುಂಬುತ್ತವೆ. ಯಾಕೋಬನ ಅಂಚಿನಲ್ಲಿ ಇವು ಒಂದೂ ಬರುವುದಿಲ್ಲ: ಅಲ್ಲಿರುವುದು ಬಟ್ಟೆಯಿಲ್ಲದ, ಆ ದಿನದ ಊಟಕ್ಕಿಲ್ಲದ ಸಹೋದರ ಸಹೋದರಿ, ಕೂಲಿ ಹಿಡಿದಿಟ್ಟುಕೊಂಡ ಜಮೀನುದಾರರು. ನಿನ್ನಂತೆಯೇ ನಿನ್ನ ನೆರೆಯವನನ್ನು ಪ್ರೀತಿಸು ಎಂಬ ಯಾಜಕಕಾಂಡ 19:18 ಎರಡರಲ್ಲೂ ಸಿಗುತ್ತದೆ. ಇಡೀ ಧರ್ಮಶಾಸ್ತ್ರ ಒಂದೇ ಗಂಟು, ಬಿಡಿಬಿಡಿಯಾಗಿ ಆರಿಸಿಕೊಳ್ಳುವಂತಿಲ್ಲ ಎಂಬ ಮಾತೂ ಎರಡರಲ್ಲೂ ಇದೆ, ಗಲಾತ್ಯ 5:3ರಲ್ಲಿ ಮತ್ತು ಯಾಕೋಬ 2:10ರಲ್ಲಿ. ಪೌಲ ಅದನ್ನು ಹೇಳುವುದು ಅನ್ಯಜನರು ಸುನ್ನತಿಗೆ ಒಡ್ಡಿಕೊಳ್ಳದಂತೆ ತಡೆಯಲು. ಯಾಕೋಬ ಹೇಳುವ ಸಂದರ್ಭವನ್ನು ಪೌಲನ ಅಭಿಮಾನಿಗಳು ಹಾರಿಸಿಬಿಡುತ್ತಾರೆ. ಚಿನ್ನದ ಉಂಗುರ ತೊಟ್ಟವನೊಬ್ಬ, ಕೊಳಕು ಬಟ್ಟೆಯ ಬಡವನೊಬ್ಬ ಸಭೆಗೆ ಬರುತ್ತಾರೆ. ಉಂಗುರದವನಿಗೆ ಒಳ್ಳೆಯ ಜಾಗ ತೋರಿಸಿ, ಬಡವನಿಗೆ ಅಲ್ಲೇ ನಿಂತಿರು, ಇಲ್ಲವೇ ನನ್ನ ಕಾಲ್ಮಣೆಯ ಹತ್ತಿರ ಕೂತುಕೋ ಎನ್ನುತ್ತಾರೆ. ಇಷ್ಟು ಮಾಡಿದರೆ ಇಡೀ ಧರ್ಮಶಾಸ್ತ್ರ ಮೀರಿದ ಹಾಗೆ ಎನ್ನುತ್ತಾನೆ ಯಾಕೋಬ.